ಸೋಪಿನ ಕರೆಗೆ ಹುಳಿನೇ ಮದ್ದು

ನಮ್ಮನೇಲಿ ಸ್ನಾನಕ್ಕೆಲ್ಲ ಬೋರ್ ನೀರೇ. ಕಾವೇರಿ ನೀರು ವಾರಕ್ಕೆರಡು ದಿನ ಬರತ್ತೆ, ಅದು ಅಡುಗೆಗೆ, ಕುಡಿಯೋಕೆ ಆಗೋಗತ್ತೆ. ಬೋರ್ ನೀರಲ್ಲಿ ಸೋಪು ನೊರೆನೇ ಬರಲ್ಲ, ಆದ್ರೆ ಕರೆ ಮಾತ್ರ ಚೆನ್ನಾಗಿ ಕೂರತ್ತೆ. ಕೆಂಪು ಮಗ್ಗು ತಗೊಂಡು ಆರು ತಿಂಗಳಿಗೆ ಒಳಗೆಲ್ಲ ಬೆಳ್ಳಗೆ ಪೊರೆ, ಉಗುರಲ್ಲಿ ಕೆರೆದ್ರೆ ಮೇಣದ ಥರ ಸುರುಳಿ ಸುರುಳಿಯಾಗಿ ಬರ್ತಿತ್ತು.

ಮೊದ್ಲು ಅಂಗಡಿಯಿಂದ ಆಸಿಡ್ ತಂದು ಸುರೀತಿದ್ದೆ. ಕಣ್ಣುರಿ, ಕೆಮ್ಮು, ಟೈಲ್ಸ್ ಸಂದಿನ ಸಿಮೆಂಟೆಲ್ಲ ಪುಡಿ ಪುಡಿ. ಅಮ್ಮ ಊರಿಂದ ಬಂದಾಗ ನೋಡಿ, "ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಹಾಕ್ತೀಯಲ್ಲೇ, ಇದಕ್ಯಾಕೆ ಈ ವಿಷ?" ಅಂದ್ರು. ಆಮೇಲೆ ಯೋಚನೆ ಮಾಡಿದ್ರೆ ಅಮ್ಮ ಹೇಳಿದ್ದೇ ಸರಿ. ಈ ಕರೆ ಬರೀ ಕೊಳೆ ಅಲ್ಲ, ಸೋಪಲ್ಲಿರೋ ಕೊಬ್ಬು ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿ ಆಗೋ ಪದಾರ್ಥ, ನೀರಲ್ಲಿ ಕರಗಲ್ಲ, ಅದಕ್ಕೆ ಮತ್ತೆ ಸೋಪು ಹಾಕಿ ಉಜ್ಜಿದ್ರೆ ಇನ್ನಷ್ಟು ಕರೆ ಆಗತ್ತೆ ಅಷ್ಟೇ. ಇದನ್ನ ಬಿಡಿಸೋದು ಹುಳಿ.

ನಾನೀಗ ಮಾಡೋದು ಇಷ್ಟು. ಅರ್ಧ ಲೀಟರ್ ಬಿಸಿ ನೀರಿಗೆ 2 ಚಮಚ ನಿಂಬೆ ಉಪ್ಪು, ಅದೇ ಸಿಟ್ರಿಕ್ ಆಸಿಡ್, ಕರಗಿಸಿ ಸ್ಪ್ರೇ ಬಾಟ್ಲಿಗೆ ಹಾಕ್ತೀನಿ. ಗೋಡೆಗೆ ಹೊಡೆದು 20 ನಿಮಿಷ ಸುಮ್ನೆ ಬಿಡ್ಬೇಕು, ಎಲ್ರೂ ತಪ್ಪು ಮಾಡೋದು ಇಲ್ಲೇ, ಹಾಕಿದ ತಕ್ಷಣ ಉಜ್ಜೋಕೆ ಶುರು ಮಾಡ್ತಾರೆ. ನಲ್ಲಿಗಾದ್ರೆ ಹಳೆ ಬನಿಯನ್ ಬಟ್ಟೆ ಅದ್ರಲ್ಲಿ ನೆನೆಸಿ ಸುತ್ತಿಡಿ, ಆದ್ರೆ 10 ನಿಮಿಷಕ್ಕೇ ತೆಗೆದು ತೊಳೀರಿ. ಹುಳಿ ಬಿದ್ಮೇಲೆ ಕರೆ ಹೋಗಿ ಜಿಡ್ಡು ಉಳಿಯತ್ತೆ, ಕೈಗೆ ಜಾರತ್ತೆ. ಅದಕ್ಕೆ ರಾತ್ರಿ ನೆನೆಸಿಟ್ಟ ಅಂಟುವಾಳದ ಕಾಯಿ ನೀರು ಹಾಕಿ ತೆಂಗಿನ ನಾರಲ್ಲಿ ಉಜ್ಜಿದ್ರೆ ಟೈಲ್ಸು ಕಿರ್ ಅನ್ನತ್ತೆ. ಆ ಸದ್ದು ಕೇಳೋಕೆ ನಂಗೆ ತುಂಬಾ ಖುಷಿ.

ಅಡುಗೆ ಸೋಡಾ, ವಿನೆಗರ್ ಒಟ್ಟಿಗೆ ಹಾಕೋದು ವಿಡಿಯೋಗಳಲ್ಲಿ ತೋರಿಸ್ತಾರೆ, ಬುಸ್ ಅಂತ ನೊರೆ ಬಂದು ಹುಳಿ ಕ್ಷಾರ ಎರಡೂ ಸತ್ತೋಗತ್ತೆ, ಸುಮ್ನೆ ದಂಡ. ಸೋಡಾ ಬೇಕಿದ್ರೆ ಬೇರೆಯಾಗಿ ಪುಡಿ ಹಾಕಿ ಉಜ್ಜೋಕೆ ಬಳಸಿ. ಮಾರ್ಬಲ್ ನೆಲಕ್ಕೆ ಹುಳಿ ಮುಟ್ಟಿಸ್ಲೇಬೇಡಿ, ಹೊಳಪು ಹೋಗತ್ತೆ. ಬ್ಲೀಚಿಂಗ್ ಪೌಡರ್ ಜೊತೆಗಂತೂ ಹುಳಿ ಸೇರಿಸ್ಲೇಬಾರ್ದು, ಕ್ಲೋರಿನ್ ಗ್ಯಾಸ್ ಬರತ್ತೆ, ಜೀವಕ್ಕೇ ಅಪಾಯ.

ಮೂಸಂಬಿ ಸಿಪ್ಪೆ ಬಯೋ ಎಂಜೈಮೂ, ಅಂದ್ರೆ ಸಿಪ್ಪೆ ಹುಳಿ ಬರಿಸಿ ಮಾಡೋ ಕ್ಲೀನಿಂಗ್ ನೀರು, ಇಟ್ಟಿದೀನಿ, ಬೆಲ್ಲ 1 ಪಾಲು, ಸಿಪ್ಪೆ 3, ನೀರು 10. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲ ಮಾಡಿ ಗ್ಯಾಸ್ ಬಿಡ್ಬೇಕು, ಪ್ಲಾಸ್ಟಿಕ್ ಡಬ್ಬಾನೇ ಆಗ್ಬೇಕು, ಗಾಜಿನದು ಬೇಡ. 3 ತಿಂಗಳು ಕಾಯ್ಬೇಕು, ನಮ್ಮದಿನ್ನೂ 40ನೇ ದಿನ, ಮುಚ್ಚಳ ತೆಗೆದ್ರೆ ಹುಳಿ ವಾಸನೆ ಘಮ್ಮಂತ ಬರ್ತಿದೆ.