ಆಟದ ಕಾನ್ಫರೆನ್ಸ್ ಬದಲಿಸಿದರೆ ಕೋರ್ಟು ಯಾಕೆ?

ನಾನು ಅಮೆರಿಕದ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದಿದವನೆಂದು ಬಲ್ಲವರೆಲ್ಲ 2023ರಿಂದ ಈಚೆಗೆ ಕೇಳುವ ಪ್ರಶ್ನೆ ಒಂದೇ: ಯೂನಿವರ್ಸಿಟಿಯೊಂದು ಆಟದ ಕಾನ್ಫರೆನ್ಸ್ ಬದಲಿಸಿದರೆ ಕೋರ್ಟು, ಗವರ್ನರು, ಅಟಾರ್ನಿ ಜನರಲ್ಲು ಎಲ್ಲ ಯಾಕೆ ಬೇಕು? ಬಾಯಲ್ಲಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳುವವರಿಗೆ ಈ ಬರಹವನ್ನೇ ಕಳಿಸುತ್ತೇನೆ.

ಪ್ರಶ್ನೆಗಿಂತ ಅದನ್ನು ಕೇಳುವ ಧಾಟಿ ನನ್ನನ್ನು ಕೆರಳಿಸುತ್ತದೆ. ಕಳೆದ ಸಲ ಮೈಸೂರಿಗೆ ಬಂದಾಗ, ಗೃಹಪ್ರವೇಶವೊಂದರ ಊಟದ ಪಂಕ್ತಿಯಲ್ಲಿ, ನಮ್ಮ ಚಿಕ್ಕಪ್ಪ ಸಾಲಿಗೆಲ್ಲ ಕೇಳುವಂತೆ "ಏನಯ್ಯಾ, ನಿಮ್ಮ ಯೂನಿವರ್ಸಿಟಿ ಪಾಠ ಹೇಳುವುದು ಬಿಟ್ಟು ಚೆಂಡಾಟಕ್ಕೆ ಕೋರ್ಟು ಮೆಟ್ಟಿಲು ಹತ್ತಿತಂತಲ್ಲ!" ಎಂದರು. ಎಲ್ಲರೂ ನಕ್ಕರು. ನಾನು ಉತ್ತರ ಶುರು ಮಾಡುವ ಹೊತ್ತಿಗೆ ಹೋಳಿಗೆ ಬಂತು, ಹೋಳಿಗೆಯ ಹಿಂದೆಯೇ ತುಪ್ಪವೂ ಬಂತು, ಅವೆರಡರ ಮುಂದೆ ನನ್ನ ಮಾತು ನಿಲ್ಲುವ ಹಾಗಿರಲಿಲ್ಲ. ಆದರೆ ಕ್ರಿಕೆಟ್ ಮಂಡಳಿಯ ಆಡಳಿತದ ವಿಚಾರ ಸುಪ್ರೀಂ ಕೋರ್ಟಿಗೆ ಹೋಗಿ, ಲೋಧಾ ಸಮಿತಿ ಕೂತಾಗ, ಇದೇ ಚಿಕ್ಕಪ್ಪ "ಆಟ ತಾನೇ" ಅನ್ನಲಿಲ್ಲ. ದಿನವೂ ಪೇಪರ್ ಓದಿ ಆ ವಿಷಯವನ್ನು ಚರ್ಚಿಸಿದರು.

ಅಮೆರಿಕದ ದೊಡ್ಡ ಯೂನಿವರ್ಸಿಟಿಗಳು ಕಾನ್ಫರೆನ್ಸ್ ಎಂಬ ಕೂಟಗಳಾಗಿ ಸೇರಿ ಆಡುತ್ತವೆ. ಫುಟ್‌ಬಾಲಿನ ಟೀವಿ ಹಕ್ಕನ್ನು ಮಾರುವುದು ಆ ಕೂಟ, ಬಂದ ದುಡ್ಡನ್ನು ಸದಸ್ಯರಿಗೆ ಹಂಚುವುದೂ ಅದೇ. ಈಜು, ವಾಲಿಬಾಲ್, ಓಟದಂಥ ಗಳಿಕೆಯಿಲ್ಲದ ಆಟಗಳು ಬಹುಮಟ್ಟಿಗೆ ಈ ಪಾಲಿನ ಮೇಲೆಯೇ ನಡೆಯುತ್ತವೆ. ಹಾಗಾಗಿ ಯಾವ ಕೂಟದಲ್ಲಿದ್ದೇವೆ ಎಂಬುದು ಕೋಟ್ಯಂತರ ಡಾಲರುಗಳ ಪ್ರಶ್ನೆ. ನಮ್ಮ ಕೂಟ ಪ್ಯಾಕ್-12, 1915ರಲ್ಲಿ ಪೋರ್ಟ್‌ಲ್ಯಾಂಡಿನಲ್ಲಿ ಹುಟ್ಟಿದ ಪೆಸಿಫಿಕ್ ಕೋಸ್ಟ್ ಕಾನ್ಫರೆನ್ಸನ್ನು ತನ್ನ ಮೂಲವೆಂದು ಹೇಳಿಕೊಳ್ಳುವಂಥದ್ದು. 2022ರ ಜೂನ್ 30ರಂದು ಲಾಸ್ ಏಂಜಲಿಸ್‌ನ ಎರಡು ಯೂನಿವರ್ಸಿಟಿಗಳಾದ ಯುಎಸ್‌ಸಿ ಮತ್ತು ಯುಸಿಎಲ್‌ಎ ಬಿಗ್ ಟೆನ್ ಕಾನ್ಫರೆನ್ಸಿಗೆ ಹೊರಡುವುದಾಗಿ ಘೋಷಿಸಿದವು. ಮರುವರ್ಷ ಜುಲೈಯಲ್ಲಿ ಕೊಲೊರಾಡೊ ಹೊರಟಿತು. 2023ರ ಆಗಸ್ಟ್ 4ರಂದು, ಒಂದೇ ದಿನದಲ್ಲಿ, ಒರೆಗಾನ್, ವಾಷಿಂಗ್ಟನ್, ಅರಿಜೋನಾ, ಅರಿಜೋನಾ ಸ್ಟೇಟ್, ಯೂಟಾ ಐದೂ ಹೊರಟವು. ಸೆಪ್ಟೆಂಬರ್ 1ರಂದು ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸನ್ನು ಸೇರಿಕೊಂಡವು. ಶಾಂತಸಾಗರದ ಕಡೆಯ ಎರಡು ಯೂನಿವರ್ಸಿಟಿಗಳು ಅಟ್ಲಾಂಟಿಕ್ ಹೆಸರಿನ ಕೂಟಕ್ಕೆ! ಹನ್ನೆರಡರಲ್ಲಿ ಉಳಿದದ್ದು ಎರಡು: ಪುಲ್‌ಮನ್ನಿನ ನಾವು, ಕೊರ್ವಾಲಿಸ್‌ನ ಒರೆಗಾನ್ ಸ್ಟೇಟ್.

ಹೋದವರು ಹೋಗಲಿ ಎಂದು ನಾವು ಸುಮ್ಮನಿರಬಹುದಿತ್ತೆ? ಇರಲಾಗದ ಕಾರಣ ಇದು. ಹೊರಟ ಹತ್ತು ಮಂದಿಯೂ 2024ರ ಬೇಸಿಗೆಯವರೆಗೆ ಕೂಟದಲ್ಲೇ ಆಡುವವರಿದ್ದರು, ಕೂಟವನ್ನು ನಡೆಸುವ ಮಂಡಳಿಯಲ್ಲಿ ಮತವೂ ತಮಗೆ ಇದೆ ಎನ್ನುತ್ತಿದ್ದರು. ಹತ್ತು ಮತ ಒಂದಾದರೆ ಕೂಟವನ್ನೇ ವಿಸರ್ಜಿಸಿ ಇದ್ದ ಆಸ್ತಿಯನ್ನೆಲ್ಲ ಹಂಚಿಕೊಳ್ಳಬಹುದಿತ್ತು. ಪಾಲು ತೆಗೆದುಕೊಂಡು ಬೇರೆ ಮನೆ ಮಾಡಿದ ಅಣ್ಣತಮ್ಮಂದಿರು, ಉಳಿದವರು ವಾಸವಾಗಿರುವ ಮನೆಯನ್ನೂ ಮಾರಲು ಕೈ ಎತ್ತಿದ ಹಾಗೆ. ನಮ್ಮ ಕಡೆಯವರ ಕೈಯಲ್ಲಿದ್ದದ್ದು ಬೈಲಾದ ಒಂದು ಕಲಮು: 2024ರ ಆಗಸ್ಟ್ 1ಕ್ಕೆ ಮುಂಚೆ ಹೊರಹೋಗುವ ನೋಟಿಸ್ ಕೊಟ್ಟ ಸದಸ್ಯರ ಪ್ರತಿನಿಧಿ ಮಂಡಳಿಯ ಸ್ಥಾನವನ್ನೂ ಮತವನ್ನೂ ತಾನಾಗಿಯೇ ಕಳೆದುಕೊಳ್ಳುತ್ತಾರೆ. ಯುಎಸ್‌ಸಿ, ಯುಸಿಎಲ್‌ಎ, ಕೊಲೊರಾಡೊ ಹೊರಟಾಗ ಕಾನ್ಫರೆನ್ಸೇ ಈ ಕಲಮಿನ ಪ್ರಕಾರ ಅವರ ಪ್ರತಿನಿಧಿಗಳನ್ನು ಹೊರಗಿಟ್ಟಿತ್ತು. ಮೂವರಿಗೆ ಅನ್ವಯಿಸಿದ ನಿಯಮ ಹತ್ತು ಜನರಿಗೆ ಅನ್ವಯಿಸುವುದಿಲ್ಲ ಎಂದರೆ ಹೇಗೆ?

ಪುಲ್‌ಮನ್ನಿನಿಂದ ಗೋಧಿ ಹೊಲಗಳ ನಡುವೆ ಸುಮಾರು 25 ಕಿಲೋಮೀಟರು ಹೋದರೆ ವಿಟ್ಮನ್ ಕೌಂಟಿಯ ಆಡಳಿತ ಕೇಂದ್ರ ಕಾಲ್‌ಫ್ಯಾಕ್ಸ್ ಸಿಗುತ್ತದೆ. ಅಂಥ ಪುಟ್ಟ ಊರಿನ ಕೋರ್ಟಿನಲ್ಲಿ ನಮ್ಮ ಆಗಿನ ಅಧ್ಯಕ್ಷ ಕರ್ಕ್ ಶುಲ್ಜ್ ಮತ್ತು ಒರೆಗಾನ್ ಸ್ಟೇಟ್‌ನ ಅಧ್ಯಕ್ಷೆ, ಕಾನ್ಪುರದ ಐಐಟಿಯಲ್ಲಿ ಓದಿದ ಜಯತಿ ಮೂರ್ತಿ ಅವರ ಸಂಸ್ಥೆಗಳು ಸೆಪ್ಟೆಂಬರಿನಲ್ಲಿ ದಾವೆ ಹೂಡಿದವು. ಮಂಡಳಿಯ ಸಭೆಗೆ ಮೊದಲು ತಾತ್ಕಾಲಿಕ ತಡೆ ಸಿಕ್ಕಿತು. ನವೆಂಬರ್ 14ರಂದು ಮಂಡಳಿಯ ಅಧಿಕಾರ ಉಳಿದ ಇಬ್ಬರದೇ ಎಂಬ ಮಧ್ಯಂತರ ಆದೇಶ ಬಂತು, ಹೊರಟವರನ್ನು ನ್ಯಾಯವಾಗಿ ನಡೆಸಿಕೊಳ್ಳಬೇಕು ಎಂಬ ಎಚ್ಚರಿಕೆಯೊಂದಿಗೆ. ಡಿಸೆಂಬರ್ 15ರಂದು ರಾಜ್ಯದ ಸುಪ್ರೀಂ ಕೋರ್ಟು ಕೈಹಾಕಲು ಒಪ್ಪಲಿಲ್ಲ. ಕೊನೆಗೆ ರಾಜಿಯಾಗಿ, ಹೊರಟವರು ಒಟ್ಟು 6.5 ಕೋಟಿ ಡಾಲರ್ ಬಿಟ್ಟುಕೊಟ್ಟರು. ಚಿಕ್ಕಪ್ಪ ಹೇಳಿದ ಚೆಂಡಾಟ ಇದು.

ಯಾರೂ ಕೇಳದ ಇನ್ನೊಂದು ಪ್ರಶ್ನೆಯಿದೆ. ಕೋರ್ಟಿಗೆ ಯಾಕೆ ಹೋದಿರಿ ಎನ್ನುವ ಬದಲು, ಹೊರಡುವ ಮುಂಚೆ ಅವರನ್ನು ಯಾರು ಕೇಳಬೇಕಿತ್ತು ಎಂದು ಯಾಕೆ ಕೇಳುವುದಿಲ್ಲ? ಸಿಯಾಟಲಿನ ವಾಷಿಂಗ್ಟನ್ ಯೂನಿವರ್ಸಿಟಿಯೂ ನಮ್ಮದೂ ಒಂದೇ ರಾಜ್ಯದ ಸಾರ್ವಜನಿಕ ಸಂಸ್ಥೆಗಳು. ಒಬ್ಬರು ಎದ್ದು ಹೋದರೆ ಇನ್ನೊಬ್ಬರ ಬಜೆಟ್ಟು ಕುಸಿಯುತ್ತದೆ, ಸಿಯಾಟಲಿನ ವಾಲಿಬಾಲ್ ಹುಡುಗಿಯರು ಪಂದ್ಯಕ್ಕಾಗಿ ನ್ಯೂಜೆರ್ಸಿವರೆಗೆ ಹಾರಬೇಕಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಯುಸಿಎಲ್‌ಎಗೂ ಬರ್ಕ್ಲಿಗೂ ರೀಜೆಂಟ್ಸ್ ಎಂಬ ಒಂದೇ ಆಡಳಿತ ಮಂಡಳಿ. 2022ರಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ಯುಸಿಎಲ್‌ಎ ಜನರಿಗೆ ಉತ್ತರ ಕೊಡಬೇಕೆಂದು ಪಟ್ಟು ಹಿಡಿದರು. ಮಂಡಳಿ ಡಿಸೆಂಬರಿನಲ್ಲಿ ಅನುಮತಿ ಕೊಟ್ಟಿತು, ಆದರೆ ಬರ್ಕ್ಲಿಗೆ ಪರಿಹಾರ ಕೊಡುವ ಷರತ್ತಿನ ಮೇಲೆ, ಆಮೇಲೆ ಅದು ವರ್ಷಕ್ಕೆ 1 ಕೋಟಿ ಡಾಲರ್ ಎಂದು ನಿಗದಿಯಾಯಿತು. 2003ರಲ್ಲಿ ವರ್ಜೀನಿಯಾದ ಗವರ್ನರ್ ಮಾರ್ಕ್ ವಾರ್ನರ್ ಒತ್ತಡ ಹಾಕಿದ್ದರಿಂದಲೇ ವರ್ಜೀನಿಯಾ ಯೂನಿವರ್ಸಿಟಿ ತನ್ನ ರಾಜ್ಯದ ವರ್ಜೀನಿಯಾ ಟೆಕ್ಕನ್ನು ಕೈಬಿಡದೆ ಅದನ್ನು ತಾನಿದ್ದ ಅಟ್ಲಾಂಟಿಕ್ ಕೋಸ್ಟ್ ಕೂಟದೊಳಗೆ ತರಿಸಿತು. ಇದನ್ನು ಕೆಲವರು ರಾಜಕೀಯ ಹಸ್ತಕ್ಷೇಪ ಎನ್ನುತ್ತಾರೆ. ತೆರಿಗೆಯ ದುಡ್ಡಿನಲ್ಲಿ ಕಟ್ಟಿದ ಸಂಸ್ಥೆಗಳ ವಿಚಾರದಲ್ಲಿ ಗವರ್ನರು ಬಾಯಿ ಬಿಡದಿದ್ದರೆ ಅದೇ ತಪ್ಪು ಎನ್ನುತ್ತೇನೆ ನಾನು. ನಮ್ಮ ರಾಜ್ಯದಲ್ಲಿ ಎರಡು ಯೂನಿವರ್ಸಿಟಿಗಳಿಗೆ ಎರಡು ಬೇರೆ ಮಂಡಳಿ. ಎರಡಕ್ಕೂ ಸದಸ್ಯರನ್ನು ನೇಮಿಸುವವರು ಮಾತ್ರ ಒಬ್ಬರೇ ಗವರ್ನರು. ಇಬ್ಬರನ್ನೂ ಎದುರು ಕೂರಿಸಿಕೊಂಡು ಲೆಕ್ಕ ಕೇಳುವ ಒಂದು ಮಂಡಳಿ ಇದ್ದಿದ್ದರೆ ಕಾಲ್‌ಫ್ಯಾಕ್ಸ್‌ನ ನ್ಯಾಯಾಧೀಶರಿಗೆ ಬೈಲಾ ಬಿಡಿಸಿ ಓದುವ ಕೆಲಸ ಬೀಳುತ್ತಿರಲಿಲ್ಲ.

ಫ್ಲಾರಿಡಾ ಸ್ಟೇಟ್ ಕಥೆ ಬೇರೆ. 2036ರವರೆಗಿನ ಟೀವಿ ಹಕ್ಕನ್ನು ತನ್ನ ಕೂಟವಾದ ಅಟ್ಲಾಂಟಿಕ್ ಕೋಸ್ಟ್‌ಗೆ ತಾನೇ ಬರೆದುಕೊಟ್ಟು, 2023ರ ಡಿಸೆಂಬರಿನಲ್ಲಿ ಆ ಕರಾರು ತನ್ನನ್ನು ಕಟ್ಟಿಹಾಕುತ್ತಿದೆ ಎಂದು ದಾವೆ ಹೂಡಿತು. 2025ರ ಮಾರ್ಚಿನಲ್ಲಿ ರಾಜಿಯಾಯಿತು. ಸಹಿ ಹಾಕಿದವರ ಅಳಲಿಗೆ ನಾನು ಹೆಚ್ಚು ಮರುಗಲಾರೆ, ಮತ್ತು ಈ ಮಾತು ನಮ್ಮವರಿಗೂ ಅನ್ವಯಿಸುತ್ತದೆ. 2024ರ ಸೀಸನ್ನಿಗೆ ಎದುರಾಳಿಗಳು ಬೇಕೆಂದು ನಾವು ಮೌಂಟನ್ ವೆಸ್ಟ್ ಕಾನ್ಫರೆನ್ಸಿನ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ, ಅವರ ಸದಸ್ಯರನ್ನು ಸೆಳೆದರೆ ದಂಡ ಕಟ್ಟುವ ಷರತ್ತಿತ್ತು. ಬಾಯ್ಸಿ ಸ್ಟೇಟ್ ಸೇರಿ ಅವರ ಐದು ಸದಸ್ಯರನ್ನು ಸೆಳೆದೆವು, ಸುಮಾರು 5.5 ಕೋಟಿ ಡಾಲರಿನ ಆ ದಂಡ ಕಾನೂನುಬಾಹಿರ ಎಂದು ಅದೇ ಸೆಪ್ಟೆಂಬರಿನಲ್ಲಿ ಫೆಡರಲ್ ಕೋರ್ಟಿಗೆ ಹೋದೆವು. ಬರೆದಿಟ್ಟ ಒಂದು ಕಲಮಿನ ಬಲದಿಂದ ಬದುಕಿ ಉಳಿದವರು ತಾವೇ ಬರೆದುಕೊಟ್ಟ ಇನ್ನೊಂದು ಕಲಮಿಗೆ ತಲೆಬಾಗಬೇಕಿತ್ತು. ಆ ದಾವೆಯಲ್ಲಿ ನಾನು ನನ್ನ ಯೂನಿವರ್ಸಿಟಿಯ ಪರ ವಾದಿಸುವುದಿಲ್ಲ.