ಧಣಿ ಬೇಡ, ಪಾರ್ಟಿ ಬೇಡ, ಪ್ಯಾಲೆಸ್ತೀನ್ ಮಾತ್ರ ಬೇಕು, ಇದೆಂತ ಲೆಕ್ಕ ಮಾರಾಯ್ರೆ?

ಈ ಪ್ರಶ್ನೆ ನಂಗೆ ಮದುವೆ ಊಟದ ಪಂಕ್ತಿಯಲ್ಲಿ ಬಂದದ್ದುಂಟು, ವಾಟ್ಸಾಪ್ ಗ್ರೂಪಲ್ಲಿ ಬಂದದ್ದುಂಟು, ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿ ಬದಿಯಡ್ಕ ಬಸ್ಸಿಗೆ ಕಾಯ್ತಾ ನಿಂತಾಗ ಸಹ ಬಂದದ್ದುಂಟು. ನೀವು ಕಮ್ಯುನಿಸ್ಟ್ ಅಂತೀರಿ, ಆದ್ರೆ ಪಾರ್ಟಿಯವರನ್ನು ಕಂಡ್ರೆ ಆಗುದಿಲ್ಲ. ಕೆಲಸದವರೇ ಕಾರ್ಖಾನೆ ನಡೆಸ್ಬೇಕು ಅಂತೀರಿ, ಧಣಿ ಇಲ್ದೆ ಅದು ನಡೀಲಿಕ್ಕುಂಟಾ? ಅದು ಸಾಲದ್ದಕ್ಕೆ ಇಸ್ರೇಲ್ ವಿರುದ್ಧ ಬೋರ್ಡ್ ಹಿಡ್ಕೊಂಡು ರಸ್ತೆ ಬದಿ ನಿಲ್ತೀರಿ, ಅಲ್ಲಿಗೂ ಇಲ್ಲಿಗೂ ಎಂತ ಸಂಬಂಧ? ಪ್ರತಿಸಲ ಬಾಯಿಯಲ್ಲಿ ಹೇಳ್ಲಿಕ್ಕೆ ಹೋದ್ರೆ ಬಸ್ ಬರ್ತದೆ, ಮಾತು ಅರ್ಧಕ್ಕೆ ನಿಲ್ತದೆ, ಹಾಗಾಗಿ ಒಂದ್ಸಲ ಬರೆದೇ ಬಿಡ್ತೇನೆ.

ನಾನು ನಂಬುವ ಈ ವಿಚಾರಕ್ಕೆ ಲಿಬರ್ಟೇರಿಯನ್ ಕಮ್ಯುನಿಸಂ ಅಂತಾರೆ, ರಷ್ಯಾದ ಚಿಂತಕ ಕ್ರೊಪೊಟ್ಕಿನ್ ಕಾಲದಿಂದ ಇರುವ ಧಾರೆ. ಭೂಮಿ, ಮಿಷಿನು, ಕಾರ್ಖಾನೆ ಎಲ್ಲ ಸಮುದಾಯದ್ದು ಅನ್ನುವವರೆಗೆ ಬೇರೆ ಕಮ್ಯುನಿಸ್ಟರ ಜೊತೆ ಜಗಳ ಇಲ್ಲ. ಜಗಳ ಬರುದು ಅದನ್ನು ನಡೆಸುದು ಯಾರು ಅಂತ ಕೇಳುವಾಗ. ಸರ್ಕಾರ ನಡೆಸ್ತದೆ, ಸರ್ಕಾರವನ್ನು ಪಾರ್ಟಿ ನಡೆಸ್ತದೆ ಅಂತ ಅವ್ರು. ಕೆಲಸ ಮಾಡುವವರೇ ಸಭೆ ಸೇರಿ ನಡೆಸ್ತಾರೆ, ಬೇಕಾದವರನ್ನು ಆರಿಸ್ತಾರೆ, ಸರಿ ಮಾಡದಿದ್ರೆ ವಾಪಸ್ ಕರೀತಾರೆ ಅಂತ ಇವ್ರು. ಇದು ಪೂರಾ ಫಾರಿನ್ ಸರಕು ಅಂತ ತಿಳ್ಕೊಳ್ಬೇಡಿ, 1920ರಲ್ಲಿ ತಾಷ್ಕೆಂಟಲ್ಲಿ ಭಾರತದ ಕಮ್ಯುನಿಸ್ಟ್ ಪಾರ್ಟಿ ಕಟ್ಟಿದವರಲ್ಲಿ ಒಬ್ಬರಾದ ಮದ್ರಾಸಿನ ಎಂ.ಪಿ.ಟಿ. ಆಚಾರ್ಯ ಸ್ವಲ್ಪೇ ಸಮಯದಲ್ಲಿ ಅದನ್ನು ಬಿಟ್ಟು ಈ ಕಡೆ ಬಂದವರು. ನಮ್ಮಲ್ಲಿ ಅವರ ಹೆಸರು ಕೇಳಿದವರೇ ಕಮ್ಮಿ.

ಈಗ ಧಣಿ ವಿಷಯ. ಮಂಜೇಶ್ವರ, ಕುಂಬಳೆ ಕಡೆ ಮನೆಮನೆಯಲ್ಲಿ ಬೀಡಿ ಕಟ್ಟಿದವರಿದ್ದಾರೆ, ನಮ್ಮಮ್ಮ ಸಹ ಕಟ್ಟಿದವರೇ. ತಡ್ಪೆ (ಮೊರ) ತೊಡೆ ಮೇಲೆ ಇಟ್ಕೊಂಡು, ಒದ್ದೆ ಮಾಡಿಟ್ಟ ಎಲೆ ಕತ್ತರಿಸಿ, ಹೊಗೆಸೊಪ್ಪಿನ ಹುಡಿ ಹಾಕಿ ಸುರುಟಿ, ಬಾಯಿ ಮಡಚಿ, ನೂಲು ಸುತ್ತಿ, ಕಟ್ಟು ಕಟ್ಟಿ ಬೀಡಿ ಕಂಪೆನಿಯ ಬ್ರಾಂಚಿಗೆ ಕೊಂಡೋಗುದು. ಬ್ರಾಂಚಿನವನು ಕಟ್ಟು ಬಿಚ್ಚಿ ನೋಡಿ ಇದು ತೆಳ್ಳಗಾಯ್ತು, ಅದು ಹರಿದಿದೆ ಅಂತ ಒಂದು ಹಿಡಿ ಬದಿಗೆ ಹಾಕ್ತಿದ್ದ. ಆ ಹಿಡಿಗೆ ಮಜೂರಿ ಇಲ್ಲ, ಆದ್ರೆ ಬೀಡಿ ಅವನ ಹತ್ರವೇ ಉಳೀತಿತ್ತು. ಕೊಟ್ಟ ಎಲೆ ಸಾಕಾಗದಿದ್ರೆ ಆ ನಷ್ಟ ಸಹ ಕಟ್ಟುವವರ ತಲೆಗೇ. ಕಂಪೆನಿ ಧಣಿಯ ಮುಖ ಅಮ್ಮ ಯಾವತ್ತೂ ಕಂಡದ್ದಿಲ್ಲ. ಧಣಿ ಇಲ್ದೆ ಕೆಲಸ ನಡೀತದಾ ಅಂತ ಕೇಳುವಾಗ ನಂಗೆ ಇದೇ ಎದುರು ಬರುದು, ಎಲೆ ಕತ್ತರಿಸುವಲ್ಲಿಂದ ನೂಲು ಸುತ್ತುವವರೆಗೆ ಎಲ್ಲಿಯೂ ಧಣಿ ಇರ್ಲಿಲ್ಲ, ಲಾಭ ಎಣಿಸುವಲ್ಲಿ ಮಾತ್ರ ಇದ್ರು.

ಅದೇ ಚಂದ್ರಗಿರಿ ಹೊಳೆ ದಾಟಿ ಹೊಸದುರ್ಗ, ನೀಲೇಶ್ವರ ಕಡೆ ಹೋದ್ರೆ ಕಥೆ ಬೇರೆ. 1966ರಲ್ಲಿ ಬೀಡಿ ಕಾರ್ಮಿಕರ ಕೆಲಸದ ಹೊತ್ತು, ರಜೆ ಎಲ್ಲ ನಿಗದಿ ಮಾಡುವ ಕೇಂದ್ರದ ಕಾನೂನು ಬಂತು. 1968ರಲ್ಲಿ ಕೇರಳ ಸರ್ಕಾರ ಅದನ್ನು ಜಾರಿ ಮಾಡ್ಲಿಕ್ಕೆ ಹೊರಟದ್ದೇ ತಡ, ಮಂಗಳೂರಿನ ದೊಡ್ಡ ಬೀಡಿ ಕಂಪೆನಿಗಳು ಕಣ್ಣೂರು ಕಡೆಯ ತಮ್ಮ ಕಾರ್ಖಾನೆಗಳಿಗೆ ಬೀಗ ಹಾಕಿದವು, ಸುಮಾರು 12,000 ಜನ ಬೀದಿಗೆ ಬಿದ್ರು. 1969ರ ಫೆಬ್ರವರಿಯಲ್ಲಿ ಆ ಬೀದಿಗೆ ಬಿದ್ದವರದ್ದೇ ದಿನೇಶ್ ಬೀಡಿ ಸಹಕಾರಿ ಸಂಘ ಶುರುವಾಯ್ತು. ಸರ್ಕಾರದ ಸಾಲ ಇತ್ತು, ಯೂನಿಯನ್ ಬಲ ಇತ್ತು, ಧಣಿ ಇರ್ಲಿಲ್ಲ. 80ರ ದಶಕದಲ್ಲಿ ಅಲ್ಲಿ 40,000ಕ್ಕೂ ಜಾಸ್ತಿ ಜನ ಕೆಲಸದಲ್ಲಿದ್ರು, ಪಿ.ಎಫ್., ಗ್ರಾಚ್ಯುಟಿ, ಹೆರಿಗೆ ರಜೆ ಸಮೇತ. ಅದೇ ಎಲೆ, ಅದೇ ಹುಡಿ, ಅದೇ ನೂಲು.

ಕಣ್ಣೂರಿನ ಬೀಡಿ ಕಾರ್ಮಿಕರದ್ದು ಹಿಂದಿನಿಂದ ಬಂದ ಒಂದು ಕ್ರಮ ಉಂಟು, ನಂಗೆ ಭಾರೀ ಇಷ್ಟ. ಎಲ್ರೂ ಸಾಲಾಗಿ ಕೂತು ಕಟ್ಟುವಾಗ ಒಬ್ಬ ಜೋರಾಗಿ ಪೇಪರ್ ಓದುದು, ಪೇಪರ್ ಮುಗಿದ್ರೆ ಕಾದಂಬರಿ, ಓದುವವನ ಪಾಲಿನ ಬೀಡಿಯನ್ನು ಉಳಿದವರು ಹಂಚ್ಕೊಂಡು ಕಟ್ಟಿಕೊಡುದು. ಯಾವ ಎಂ.ಬಿ.ಎ. ಕಾಲೇಜಲ್ಲಿ ಈ ಲೆಕ್ಕ ಕಲಿಸ್ತಾರೆ ಹೇಳಿ.

ಈಗ ಬೀಡಿ ಎಳೆಯುವವರೇ ಕಮ್ಮಿ (ಶ್ವಾಸಕೋಶಕ್ಕೆ ಒಳ್ಳೇದಾಯ್ತು), ದಿನೇಶ್ ಸಹ ಕೊಡೆ, ಬಟ್ಟೆ, ತಿಂಡಿ ಸಾಮಾನು ಅಂತ ದಾರಿ ಬದಲಿಸಿದೆ. ಬೀಡಿಯಂಥ ಸಣ್ಣ ಕೆಲಸಕ್ಕೆ ಸರಿ, ದೊಡ್ಡ ಕೆಲಸ ಹೀಗೆ ಆಗ್ತದಾ ಅಂತ ಕೇಳುವವರು ತಲಪಾಡಿಯಿಂದ ಚೆಂಗಳದವರೆಗಿನ ಷಟ್ಪಥ ಹೈವೇ ಕಾಂಟ್ರಾಕ್ಟ್ ಯಾರದ್ದು ಅಂತ ನೋಡಿ. ಊರಾಳುಂಗಲ್ ಅನ್ನುವ ಕಾರ್ಮಿಕರ ಸಹಕಾರಿ ಸೊಸೈಟಿಯದ್ದು, 1925ರಲ್ಲಿ ವಡಗರ ಹತ್ರ 14 ಜನ ಕೂಲಿಯವರು ಆರಾಣೆ ಬಂಡವಾಳದಲ್ಲಿ ಕಟ್ಟಿದ್ದು. ಕ್ಯಾಂಪ್ಕೊ ಇಲ್ವಾ ಅಂತ ತೋಟದವರು ಕೇಳ್ತಾರೆ. ಕ್ಯಾಂಪ್ಕೊ ಒಳ್ಳೇದೇ, ಆದ್ರೆ ಅದು ಅಡಿಕೆ ಬೆಳೆಯುವವರ ಸಂಘ, ಅಂಗಳದಲ್ಲಿ ಕೂತು ಅಡಿಕೆ ಸುಲಿಯುವ ಹೆಂಗಸಿಗೆ ಅಲ್ಲಿ ಓಟಿಲ್ಲ.

ಮತ್ತೆ ಪಾರ್ಟಿ. ಸರ್ಕಾರದ್ದು ಅಂದ್ರೆ ಜನರದ್ದು ಅಂತ ಹೇಳುವವರು ನಮ್ಮ ಜಿಲ್ಲೆಯಲ್ಲಿ ಸ್ವಲ್ಪ ಯೋಚಿಸಿ ಮಾತಾಡ್ಬೇಕು. ಎಂಡೋಸಲ್ಫಾನ್ ಅನ್ನುವ ಕೀಟನಾಶಕವನ್ನು ಹೆಲಿಕಾಪ್ಟರಲ್ಲಿ ಚೆಲ್ಲಿದ್ದು ಯಾವುದೋ ಸಾವುಕಾರನ ತೋಟಕ್ಕಲ್ಲ, ಸರ್ಕಾರದ್ದೇ ನಿಗಮದ ಗೇರು ತೋಟಕ್ಕೆ, 70ರ ದಶಕದ ಕೊನೆಯಿಂದ 2000ದವರೆಗೆ, ನಡುವೆ ಕಮ್ಯುನಿಸ್ಟರ ಎಡರಂಗವೂ ಬಂತು ಕಾಂಗ್ರೆಸ್ಸಿನ ಐಕ್ಯರಂಗವೂ ಬಂತು, ಹೆಲಿಕಾಪ್ಟರ್ ಮಾತ್ರ ನಿಲ್ಲಲಿಲ್ಲ. ತೋಟದಲ್ಲಿ ಕೆಲಸ ಮಾಡುವವರನ್ನು ಕೇಳಿದವರಿಲ್ಲ, ಕೆಳಗೆ ಗುಡ್ಡ ಕೊರೆದು ಮಾಡಿದ ಸುರಂಗದ, ತೋಡಿನ ನೀರು ಕುಡಿಯುವವರನ್ನು ಮೊದ್ಲೇ ಇಲ್ಲ. ಕೊನೆಗೆ ಸ್ವರ್ಗ ಅನ್ನುವ ಊರಿನ ಡಾಕ್ಟರ್ ವೈ.ಎಸ್. ಮೋಹನ್ ಕುಮಾರ್ ತನ್ನ ರೋಗಿಗಳಲ್ಲಿ ಕಂಡದ್ದನ್ನು ಹೊರಗೆ ಹೇಳಿದ್ರು, ಪತ್ರಕರ್ತ ಶ್ರೀಪಡ್ರೆ ಬರೆದ್ರು, ಕೃಷಿ ಇಲಾಖೆಯಲ್ಲೇ ಕೆಲಸದಲ್ಲಿದ್ದ ಲೀಲಾಕುಮಾರಿ ಅಮ್ಮ ಹೊಸದುರ್ಗ ಕೋರ್ಟಿಗೆ ಹೋದ್ರು, ಆಮೇಲೆ ಅಮ್ಮಂದಿರು ಮಕ್ಕಳನ್ನು ಎತ್ಕೊಂಡು ತಿರುವನಂತಪುರಕ್ಕೆ ಹೋಗಿ ಸೆಕ್ರೆಟರಿಯೇಟ್ ಎದುರು ಕೂತ್ರು. ಯಾರ ಮೈಗೆ ತಾಗಿದೆಯೋ ಅವ್ರೇ ಎದ್ದು ನಿಲ್ಲುದು, ಇದಕ್ಕೇ ನಾನು ಹೋರಾಟ ಅನ್ನುದು. ಬಸ್ ಮಾಡಿ ಜನ ತಂದು ಬಾವುಟ ಹಿಡಿಸಿ ಸಂಜೆ ಬಿರಿಯಾನಿ ಕೊಟ್ಟು ಕಳಿಸುದಕ್ಕೆ ಬೇರೆ ಹೆಸರು ಹುಡುಕಿ.

ಪಾರ್ಟಿ ಮೇಲಿನ ಅನುಮಾನಕ್ಕೆ ಹಳೇ ಕಾರಣ ಸಹ ಉಂಟು. 1936ರ ಜುಲೈಯಲ್ಲಿ ಸ್ಪೇನಲ್ಲಿ ಸೇನೆ ದಂಗೆ ಎದ್ದಾಗ ಬಾರ್ಸಿಲೋನಾದಲ್ಲಿ ಅದನ್ನು ತಡೆದು ನಿಲ್ಲಿಸಿದವರಲ್ಲಿ ನಮ್ಮ ಧಾರೆಯದ್ದೇ ಆದ ಸಿ.ಎನ್.ಟಿ. ಯೂನಿಯನ್‌ನ ಕಾರ್ಮಿಕರು ಮುಂದೆ ಇದ್ರು. ಟ್ರಾಮ್ ಕಂಪೆನಿಯ ದೊಡ್ಡವರು ಓಡಿಹೋಗಿದ್ರು, ಕಾರ್ಮಿಕರೇ ಹಳಿ ರಿಪೇರಿ ಮಾಡಿ ಕೆಲವೇ ದಿನದಲ್ಲಿ ಟ್ರಾಮ್ ಓಡಿಸಿದ್ರು, ಕೆಂಪು ಕಪ್ಪು ಬಣ್ಣ ಬಳಿದು. 1937ರ ಮೇ ತಿಂಗಳಲ್ಲಿ ಆ ಯೂನಿಯನ್ ಕೈಯಲ್ಲಿದ್ದ ಟೆಲಿಫೋನ್ ಎಕ್ಸ್‌ಚೇಂಜಿಗೆ ನುಗ್ಗಿದ್ದು ದಂಗೆ ಎದ್ದ ಜನರಲ್ ಫ್ರಾಂಕೋ ಸೈನ್ಯ ಅಲ್ಲ, ಫ್ರಾಂಕೋ ವಿರುದ್ಧವೇ ಇದ್ದ ಸರ್ಕಾರದ ಪೊಲೀಸರು, ಹಿಂದೆ ಇದ್ದದ್ದು ಕಮ್ಯುನಿಸ್ಟ್ ಪಾರ್ಟಿ.

ಇಷ್ಟು ಕೇಳಿದ ಮೇಲೆ ಸ್ವಲ್ಪ ಓದಿದವರು ಒಬ್ರಾದ್ರೂ ಗೂಗ್ಲಿ ಹಾಕ್ತಾರೆ, ಹಾಗಾದ್ರೆ ಇಸ್ರೇಲಿನ ಕಿಬುಟ್ಸ್ ನಿಮಗೆ ಇಷ್ಟ ಆಗ್ಬೇಕಲ್ಲ? ಒಳ್ಳೇ ಪ್ರಶ್ನೆ. 1910ರಲ್ಲಿ ದೆಗಾನಿಯಾದಿಂದ ಶುರುವಾದ ಆ ಕಮ್ಯೂನುಗಳಲ್ಲಿ ಆಗ ಸಂಬಳ ಇರ್ಲಿಲ್ಲ, ಅಡುಗೆಮನೆ ಒಂದೇ ಇತ್ತು, ತೀರ್ಮಾನ ಸಭೆಯಲ್ಲಿ ಆಗ್ತಿತ್ತು. ಅಮೆರಿಕದ ಚಿಂತಕ ನೋಮ್ ಚೋಮ್ಸ್ಕಿ ಸಹ 1953ರಲ್ಲಿ ಕೆಲವು ವಾರ ಒಂದು ಕಿಬುಟ್ಸಲ್ಲಿ ಇದ್ದು ಬಂದವರು. ಒಳಗಿಂದ ನೋಡಿದ್ರೆ ನಮ್ಮ ಕನಸೇ. ಆದ್ರೆ ಆ ಭೂಮಿ ಎಲ್ಲಿಂದ ಬಂತು ಅಂತ ನೋಡ್ಬೇಕು. 1901ರಲ್ಲಿ ಶುರುವಾದ ಯಹೂದಿ ರಾಷ್ಟ್ರೀಯ ನಿಧಿ ಬೈರೂತಿನಲ್ಲಿ ಕೂತ ಧಣಿಗಳಿಂದ ಕಣಿವೆ ಕಣಿವೆಯನ್ನೇ ಖರೀದಿ ಮಾಡ್ತಿತ್ತು, ತಲೆತಲಾಂತರದಿಂದ ಉಳ್ತಿದ್ದ ಅರಬ್ ಒಕ್ಕಲುಗಳು ಜಾಗ ಖಾಲಿ ಮಾಡ್ಬೇಕಿತ್ತು. ಕಾಗದದಲ್ಲಿ ಎಲ್ಲ ಕಾನೂನು ಪ್ರಕಾರವೇ. ಚಾಲಗೇಣಿ (ಧಣಿ ಬೇಕಾದಾಗ ಬಿಡಿಸ್ಬಹುದಾದ ಗೇಣಿ) ಅಂದ್ರೆ ಎಂತ ಅಂತ ಅಜ್ಜನಿಂದ ಕೇಳಿದವರಿಗೆ ಇದನ್ನು ಬಿಡಿಸಿ ಹೇಳ್ಬೇಕಾಗಿಲ್ಲ, ನಮ್ಮಲ್ಲಿ 1970ರಲ್ಲಿ ಗೇಣಿ ಹೋಯ್ತು, ಉಳುವವನಿಗೆ ಭೂಮಿ ಸಿಕ್ತು, ಅಲ್ಲಿ ಉಳುವವನೇ ಹೋದ. ಆ ನಿಧಿಯ ಭೂಮಿಯಲ್ಲಿ ಯಹೂದಿ ಅಲ್ಲದವರಿಗೆ ಕೂಲಿ ಕೆಲಸ ಸಹ ಕೊಡ್ಬಾರ್ದು ಅಂತ ಶರತ್ತು. ಅರಬರನ್ನು ಕೆಲಸಕ್ಕೆ ಇಟ್ಕೊಂಡ ಕಿತ್ತಳೆ ತೋಟಗಳ ಎದುರು ಯೂನಿಯನ್‌ನವರೇ ಪಿಕೆಟಿಂಗ್ ಮಾಡ್ತಿದ್ರು. 1920ರಲ್ಲಿ ಹುಟ್ಟಿದ ಹಿಸ್ತಾದ್ರುತ್ ಅನ್ನುವ ದೊಡ್ಡ ಯೂನಿಯನ್ ಅರಬರಿಗೆ ಪೂರ್ಣ ಸದಸ್ಯತ್ವ ಕೊಡ್ಲಿಕ್ಕೆ ತೀರ್ಮಾನ ಮಾಡಿದ್ದು 1959ರಲ್ಲಿ. ನಡುವೆ 1948ರಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ತೀನಿಯರು ಊರು ಬಿಡ್ಬೇಕಾಯ್ತು, ಅವರ ಗದ್ದೆಗಳಲ್ಲಿ ಎಷ್ಟೋ ಈ ಕಿಬುಟ್ಸುಗಳಿಗೇ ಸೇರಿದವು.

ಹಾಗಾಗಿ ನಂಗೆ ಪ್ಯಾಲೆಸ್ತೀನ್ ಬೇರೆ ಸಬ್ಜೆಕ್ಟ್ ಅಲ್ಲ. ಸಭೆಯಲ್ಲಿ ಎಲ್ರಿಗೂ ಓಟಿದೆ ಅಂದ ಕೂಡ್ಲೇ ಆಗ್ಲಿಲ್ಲ, ಸಭೆಗೆ ಯಾರನ್ನು ಸೇರಿಸಿಲ್ಲ ಅಂತ ನೋಡ್ಬೇಕು, ಅಡಿಕೆ ಸುಲಿಯುವವಳ ವಿಷಯ ಮೇಲೆ ತಂದದ್ದು ಸಹ ಅದಕ್ಕೇ. ನಮ್ಮ ಊರಲ್ಲಿ ತೊಂದರೆ ಎಂತ ಅಂದ್ರೆ ಪ್ಯಾಲೆಸ್ತೀನ್ ಅಂದ ತಕ್ಷಣ ಅದು ಹಿಂದೂ ಮುಸ್ಲಿಂ ಪಂದ್ಯ ಆಗಿಬಿಡ್ತದೆ, ಅರ್ಧ ಜನ ಈ ಕಡೆ, ಅರ್ಧ ಜನ ಆ ಕಡೆ, ಗಾಜಾ ಎಲ್ಲಿದೆ ಅಂತ ಇಬ್ರಿಗೂ ಬೇಡ.

ಒಬ್ರು ಹಿರಿಯರು, ಏಕೀಕರಣದವರು, ನನ್ನನ್ನು ಸರಿಯಾಗಿ ಹಿಡಿದಿದ್ರು. ಕಾಸರಗೋಡು ಕರ್ನಾಟಕಕ್ಕೆ ಸೇರ್ಲಿ ಅಂತ ಕಯ್ಯಾರ ಕಿಞ್ಞಣ್ಣ ರೈಗಳಂಥವರು ಜೀವಮಾನ ಇಡೀ ಹೇಳಿದ್ರು, ಮಹಾಜನ್ ವರದಿ ಚಂದ್ರಗಿರಿಯ ಉತ್ತರ ಭಾಗ ಕರ್ನಾಟಕಕ್ಕೆ ಅಂತ ಬರೆಯಿತು, ನಮ್ಮ ಭಾಷೆಯವರಿಗೆ ನಮ್ಮ ರಾಜ್ಯ ಬೇಕಾದ್ರೆ ಯಹೂದಿಗಳಿಗೆ ಅವರ ದೇಶ ಬೇಡ್ವಾ ಅಂತ. ನಾನು ಕೇಳಿದ್ದು ಇಷ್ಟೇ, ಕರ್ನಾಟಕಕ್ಕೆ ಸೇರಿದ್ರೆ ನಿಮ್ಮ ಪಕ್ಕದ ಮನೆಯ ಮಲಯಾಳಿಯನ್ನು ಓಡಿಸ್ಬೇಕು ಅಂತ ಯಾರಾದ್ರೂ ಹೇಳಿದ್ರಾ ಅಂತ. ಅವ್ರು ನಗಾಡಿದ್ರು. ಯಹೂದಿಗಳಲ್ಲೇ ನಮ್ಮ ಹಾಗೆ ಯೋಚಿಸಿದವರಿದ್ರು. ಪ್ಯಾಲೆಸ್ತೀನಲ್ಲಿ ಯಹೂದಿಗಳ ನೆಲೆ ಕಟ್ಬೇಕು ಅನ್ನುವ ಝಿಯೋನಿಸ್ಟರ ಮೊದಲ ಸಮ್ಮೇಳನ ಬಾಸೆಲಲ್ಲಿ ಆದದ್ದು 1897ರಲ್ಲಿ, ಅದೇ ವರ್ಷ ವಿಲ್ನಾದಲ್ಲಿ ಯಹೂದಿ ಕಾರ್ಮಿಕರ ಬುಂಡ್ ಸಂಘಟನೆ ಹುಟ್ಟಿತು. ನಾವು ಎಲ್ಲಿಗೂ ಹೋಗುದಿಲ್ಲ, ಇದ್ದಲ್ಲೇ ನಮ್ಮ ಯಿದ್ದಿಷ್ ಭಾಷೆಯ ಶಾಲೆ ಬೇಕು, ಇದ್ದಲ್ಲೇ ಬೇರೆಯವರ ಜೊತೆ ಸೇರಿ ಹೋರಾಡ್ತೇವೆ ಅಂತ ಅವರ ವಾದ. ಕನ್ನಡ ಶಾಲೆಗೆ ಕನ್ನಡ ಬರುವ ಟೀಚರ್ ಕೊಡಿ ಅಂತ ಇಲ್ಲಿ ಧರಣಿ ಕೂತವರಿಗೆ ಬುಂಡ್ ಎಷ್ಟು ಹತ್ತಿರ ನೋಡಿ.

ಆ ಬುಂಡಿನವರನ್ನು ಹಿಟ್ಲರ್ ಕೊಂದ, ಇದ್ದಲ್ಲೇ ಇದ್ದದ್ದಕ್ಕೇ ಸತ್ರು, ಅದಕ್ಕೇ ದೇಶ ಬೇಕಾದದ್ದು ಅಂತ ಹೇಳುವವರಿದ್ದಾರೆ. ಇದು ಹಗುರ ಮಾಡಿ ತಳ್ಳುವ ಮಾತಲ್ಲ, ಪೋಲೆಂಡಿನ ಬುಂಡ್ ನಿಜಕ್ಕೂ ನಾಶವೇ ಆಯ್ತು, ಓಡಿ ಬಂದವರಿಗೆ ಜಾಗ ಕೊಡದೆ ಬಾಗಿಲು ಮುಚ್ಚಿದ ದೇಶಗಳ ಪಟ್ಟಿ ದೊಡ್ಡದುಂಟು. ಆದ್ರೆ ಕೊಲೆ ಮಾಡಿದ್ದು ಯುರೋಪು, ಅದರ ಸಾಲ ತೀರಿಸ್ಬೇಕಾದದ್ದು ಪ್ಯಾಲೆಸ್ತೀನಿನ ಗಲಿಲಿಯ ರೈತನಾ? ನಮ್ಮ ಧಾರೆಯ ಎಮ್ಮಾ ಗೋಲ್ಡ್‌ಮನ್ ತಾನೂ ಯಹೂದಿ, ಅವಳು 1938ರಲ್ಲೂ ಝಿಯೋನಿಸಂ ಒಪ್ಪಲಿಲ್ಲ, ಆದ್ರೆ ಓಡಿ ಬಂದ ಯಹೂದಿಗೆ ಪ್ಯಾಲೆಸ್ತೀನಲ್ಲಿ ನೆಲೆಸುವ ಹಕ್ಕಿಲ್ಲ ಅನ್ನುವವರ ಜೊತೆಗೂ ಜಗಳ ಆಡಿದಳು. ನಾನು ನಿಲ್ಲುದು ಅಲ್ಲೇ. ಪ್ಯಾಲೆಸ್ತೀನ್ ಪರ ಮಾತಾಡುವ ನೆಪದಲ್ಲಿ ಯಹೂದಿಗಳನ್ನು ಬೈಯುವವರು ನಮ್ಮ ಜೊತೆ ಬೋರ್ಡ್ ಹಿಡೀಲಿಕ್ಕೆ ಬರುದು ಬೇಡ. 2023ರ ಅಕ್ಟೋಬರ್ 7ರಂದು ಹಮಾಸ್ ಜನಸಾಮಾನ್ಯರನ್ನು ಕೊಂದದ್ದು ಕೊಲೆಯೇ, ಆಮೇಲೆ ಗಾಜಾದಲ್ಲಿ ಹತ್ತಾರು ಸಾವಿರ ಜನರನ್ನು ಕೊಂದದ್ದಕ್ಕೆ ಅದು ಲೈಸೆನ್ಸ್ ಆಗುದಿಲ್ಲ. ನಾಳೆ ಪ್ಯಾಲೆಸ್ತೀನಿಗೆ ಸ್ವಂತ ಸರ್ಕಾರ ಬಂದ್ರೆ ಅದರ ಪೊಲೀಸ್ ಸಹ ಮುಷ್ಕರ ಮಾಡಿದವರಿಗೆ ಲಾಠಿ ಬೀಸಿಯೇ ಬೀಸ್ತಾನೆ. ನಮ್ಮಲ್ಲೇ ಕೆಲವ್ರು ಅದಕ್ಕೇ ಯಾವ ರಾಷ್ಟ್ರದ ಬಾವುಟವೂ ಬೇಡ ಅಂತಾರೆ, ನಾನು ಅಷ್ಟು ದೂರ ಹೋಗುದಿಲ್ಲ, ಮನೆ ಕಳ್ಕೊಂಡವನ ಕೈಯಲ್ಲಿರುವ ಬಾವುಟ ಮೊದ್ಲು ಕೆಳಗಿಡು ಅಂತ ಇಲ್ಲಿ ಕೂತು ಹೇಳ್ಲಿಕ್ಕೆ ನಂಗೆ ಬಾಯಿ ಬರುದಿಲ್ಲ.

ಸರಿ, ಕಾಸರಗೋಡಲ್ಲಿ ಬೋರ್ಡ್ ಹಿಡಿದ್ರೆ ನೆತನ್ಯಾಹುಗೆ ಎಂತ ಆಗ್ತದೆ ಅಂತ ಕೇಳ್ತಾರೆ. ಬೋರ್ಡಿಂದ ಏನೂ ಆಗುದಿಲ್ಲ. ಕೆಲಸದ ಜಾಗದಲ್ಲಿ ಆಗ್ತದೆ. 2024ರ ಫೆಬ್ರವರಿಯಲ್ಲಿ ನಮ್ಮ ದೇಶದ ಬಂದರು ಕಾರ್ಮಿಕರ ಒಂದು ಫೆಡರೇಷನ್ ಇಸ್ರೇಲಿಗೆ ಹೋಗುವ ಆಯುಧದ ಸರಕನ್ನು ಮುಟ್ಟುದಿಲ್ಲ ಅಂತ ಹೇಳಿತು, ಅಪ್ಪಣೆ ಕೇಳ್ಲಿಕ್ಕೆ ಹೋಗದೆ. ಅದಕ್ಕೂ ಮೊದ್ಲು, 2023ರ ಅಕ್ಟೋಬರಲ್ಲಿ, ಕಣ್ಣೂರು ಜಿಲ್ಲೆಯ ಕೂತುಪರಂಬದ ಒಂದು ಗಾರ್ಮೆಂಟ್ ಫ್ಯಾಕ್ಟರಿ ಇಸ್ರೇಲ್ ಪೊಲೀಸರ ಯೂನಿಫಾರ್ಮಿಗೆ ಹೊಸ ಆರ್ಡರ್ ತಗೊಳ್ಳುದಿಲ್ಲ ಅಂತ ಸುದ್ದಿ ಆಯ್ತು, ಎಲ್ರೂ ಶೇರ್ ಮಾಡಿದ್ರು, ನಾನೂ ಮಾಡಿದೆ. ಆ ತೀರ್ಮಾನ ಮಾಡಿದ್ದು ಮಾಲೀಕರು, ಒಳ್ಳೇ ತೀರ್ಮಾನವೇ, ಅದರ ಬಗ್ಗೆ ಹೇಳಿಕೆ ಕೊಟ್ಟದ್ದು ಮಂತ್ರಿ. ಅಷ್ಟು ವರ್ಷ ಆ ಅಂಗಿ ಹೊಲಿದದ್ದು ಅಲ್ಲಿನ ನೂರಾರು ಹೆಂಗಸರು, ಹೊಲಿಯುವಾಗ ಮಾಲೀಕರ ತೀರ್ಮಾನ, ನಿಲ್ಲಿಸುವಾಗ ಅವರದ್ದೇ ತೀರ್ಮಾನ, ನಾಳೆ ಮಾಲೀಕರ ಮನಸ್ಸು ಬದಲಾದ್ರೆ ಪುನಃ ಹೊಲಿಯುವುದೇ.