ಬಲಗಾಲಿಗೆ ಯಾಕೆ ಕೊಯ್ದರು?

14 ನವೆಂಬರ್ 2024, ಗುರುವಾರ, ದಾವಣಗೆರೆ

ಆಸ್ಪತ್ರೆಯಲ್ಲಿ ಮಂಜನ್ನ ನೋಡಿಕೊಂಡು ಈಗ ಬಂದೆ. ಊಟ ಸೇರಲಿಲ್ಲ.

ಪೆಟ್ಟಾಗಿದ್ದು ಅವನ ಎಡಗಾಲಿಗೆ. ಮೊನ್ನೆ ಆನಗೋಡಿನ ಕಣದಲ್ಲಿ ಮೆಕ್ಕೆಜೋಳದ ಮೇಲಿನ ತಗಡು ಜಾರಿ, ಮಂಡಿಯ ಹಿಂದೆ ಕೊಯ್ದಿತ್ತು. ಆದರೆ ದೊಡ್ಡಮ್ಮ ಬೆಳಗಿನಿಂದ ಬಲಗಾಲನ್ನೇ ನೋಡುತ್ತಾ ಕೂತಿದ್ದಾರೆ. ತೊಡೆಯ ಒಳಬದಿಗೆ ಉದ್ದಕ್ಕೊಂದು ಬ್ಯಾಂಡೇಜು. "ಚೆನ್ನಾಗಿದ್ದ ಕಾಲಿಗ್ಯಾಕಪ್ಪಾ ಕೊಯ್ದಾರೆ? ತಪ್ಪಿ ಕೊಯ್ದರೇನೋ, ನೀನೇ ಕೇಳು" ಅಂದರು.

ರೌಂಡ್ಸಿಗೆ ಬಂದ ಡಾಕ್ಟರನ್ನ ಕೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಔಷಧಿ ಚೀಟಿಯ ಹಿಂದೆ ಎರಡು ಕಾಲು ಬರೆದು ದೊಡ್ಡಮ್ಮನಿಗೇ ತೋರಿಸಿದರು. "ಮಂಡಿ ಹಿಂದಿನ ದೊಡ್ಡ ನರ ಹರಿದಿತ್ತಮ್ಮಾ. ಕೆಳಗಿನ ರಕ್ತ ಮೇಲಕ್ಕೆ ಹೋಗೋ ದೊಡ್ಡ ದಾರಿ ಅದು. ಹರಿದ ಅಂಚು ಕತ್ತರಿಸಿದ ಮೇಲೆ ಎರಡು ತುದಿ ಸೇರಲಿಲ್ಲ. ಎಳೆದು ಹೊಲಿದರೆ ರಕ್ತ ಹೆಪ್ಪುಗಟ್ಟುತ್ತೆ. ಅದಕ್ಕೇ ಬಲತೊಡೆಯಲ್ಲಿ ಚರ್ಮದ ಕೆಳಗಿರೋ ನರದ ಒಂದು ತುಂಡು ತಗೊಂಡು ನಡುವೆ ಕೂರಿಸಿದ್ದೀವಿ."

"ಅದೇ ಕಾಲಿಂದ ತಗೋಬಹುದಿತ್ತಲ್ಲ ಸಾರ್?" ಅಂದೆ.

"ಒಳಗಿನ ದಾರಿ ಮುಚ್ಚಿಹೋದರೆ ಚರ್ಮದ ಕೆಳಗಿನ ನರವೇ ಆಸರೆ. ಅದನ್ನೂ ತೆಗೆದರೆ ಕಾಲು ಊದಿಕೊಳ್ಳುತ್ತೆ."

ಆ ನರದೊಳಗೆ ಪುಟ್ಟ ಪುಟ್ಟ ಬಾಗಿಲು ಇರುತ್ತವಂತೆ, ರಕ್ತವನ್ನ ಹೃದಯದ ಕಡೆಗೆ ಮಾತ್ರ ಬಿಡೋದಕ್ಕೆ. ತುಂಡು ತಿರುಗುಮುರುಗಾದರೆ ರಕ್ತ ಅಲ್ಲೇ ನಿಲ್ಲುತ್ತೆ. ಎಷ್ಟು ಹುಷಾರಾಗಿ ಹೊಲಿದಿರಬೇಕು, ಅಲ್ವಾ? ಕೂದಲಿನಂಥ ಸಣ್ಣ ದಾರದಲ್ಲಿ.

ರಕ್ತ ಇನ್ನೂ ಜಾಸ್ತಿ ಹೋಗಿದ್ದರೆ ಜೋಡಿಸೋಕೆ ಹೋಗದೆ ನರ ಕಟ್ಟಿಬಿಡಬೇಕಾಗ್ತಿತ್ತಂತೆ, ಮೊದಲು ಜೀವ ಉಳಿಯಬೇಕಲ್ಲ. ಆ ಸಮಯ ಸಿಕ್ಕಿದ್ದು ದೊಡ್ಡಪ್ಪನಿಂದ. ಕಪ್ಪುಗೆಂಪು ರಕ್ತ ಉಕ್ಕುತ್ತಿದ್ದ ಜಾಗಕ್ಕೆ ಟವೆಲ್ ಮಡಚಿ ಒತ್ತಿದವರು ದಾವಣಗೆರೆ ಮುಟ್ಟೋವರೆಗೂ ಕೈ ಎತ್ತಲಿಲ್ಲ. ನಿಂತಿತಾ ಅಂತ ಒಂದು ಸಲವೂ ಎತ್ತಿ ನೋಡಲಿಲ್ಲ. ಇವತ್ತು ಟೀ ಲೋಟ ಹಿಡಿದಾಗಲೂ ಅವರ ಬಲಗೈ ನಡುಗುತ್ತಿತ್ತು.

ದೊಡ್ಡಮ್ಮ ಎಲ್ಲ ಕೇಳಿ ತಲೆ ಆಡಿಸಿದರು. ಆಮೇಲೆ ತಮ್ಮ ಶಾಲು ತೆಗೆದು ಬಲಗಾಲಿಗೇ ಹೊದಿಸಿದರು. ಎಡಗಾಲು ದಿಂಬಿನ ಮೇಲೆ ಎತ್ತರಕ್ಕಿತ್ತು. ನರ್ಸ್ ಟೇಪು ಸುತ್ತಿ ಮೀನಖಂಡ ಅಳೆದು, ನಿನ್ನೆಯಷ್ಟೇ ಇದೆ ಅಂದರು.

ಸುಮ್ನೆ ನನ್ನ ಪಾದ ನೋಡಿಕೊಂಡೆ. ಒಳಗಿಣ್ಣಿನ ಮುಂದೆ ನೀಲಿ ಗೆರೆ ಕಾಣುತ್ತೆ. ತೊಡೆಸಂದಿಯವರೆಗೂ ಹೋಗೋದು ಇದೇ ನರ, ಮಂಜನ ಬಲತೊಡೆಯಿಂದ ತೆಗೆದಿದ್ದೂ ಇದನ್ನೇ.

ನಾಳೆ ಡಾಪ್ಲರ್ ಸ್ಕ್ಯಾನ್. ಕೂರಿಸಿದ ತುಂಡಿನಲ್ಲಿ ರಕ್ತ ಹರಿಯುತ್ತಿದೆಯಾ, ಹೆಪ್ಪುಗಟ್ಟಿದೆಯಾ ಅಂತ ಅದರಲ್ಲಿ ಗೊತ್ತಾಗುತ್ತೆ. ದೊಡ್ಡಮ್ಮನಿಗೆ ಅದನ್ನ ಹೇಳಲಿಲ್ಲ. ಹೇಳಬೇಕಿತ್ತೇನೋ...